ಮೂರೂ ಜಿಗಿತ ಫೌಲ್ ಆದ ಮಗಳಿಗೆ ಏನು ಹೇಳಲಿ?

ಮಗಳು ಎಂಟನೇ ಕ್ಲಾಸು. ಉದ್ದ ಜಿಗಿತದಲ್ಲಿ ಹೋಬಳಿಗೆ ಮೊದಲು ಬಂದಿದ್ದಳು. ತಾಲ್ಲೂಕು ಕ್ರೀಡಾಕೂಟದಲ್ಲಿ ಮೂರೂ ಜಿಗಿತ ಫೌಲ್, ಮೂರು ಸಲವೂ ಜಿಗಿಯುವ ಹಲಗೆ ದಾಟಿ ಕಾಲಿಟ್ಟಳು. ಅವತ್ತಿನಿಂದ ಮೈದಾನದ ಕಡೆ ತಿರುಗಿಯೂ ನೋಡ್ತಿಲ್ಲ. 'ನನ್ನ ಕೈಲಾಗಲ್ಲಮ್ಮ' ಅಂತಾಳೆ. ಇಂಥದ್ದನ್ನು ದಾಟಿ ಬಂದವರು ಏನು ಮಾಡಿದಿರಿ, ದಯವಿಟ್ಟು ಹೇಳಿ.

ಒಬ್ಬ ತಾಯಿ: ನನ್ನ ಮಗ ಖೊಖೊ ತಂಡಕ್ಕೆ ಆಯ್ಕೆ ಆಗದಿದ್ದಾಗ ಹೀಗೇ ಮಾಡಿದ. 'ಸೋಲೇ ಗೆಲುವಿನ ಮೆಟ್ಟಿಲು' ಅಂದಷ್ಟೂ ಮುಖ ತಿರುಗಿಸಿಕೊಳ್ತಿದ್ದ. ಹೇಳೋದು ಬಿಟ್ಟೆ. ಸಂಜೆ ಹಾಲು ತರೋ ನೆಪದಲ್ಲಿ ಮೈದಾನದ ದಾರೀಲೇ ಕರ್ಕೊಂಡು ಹೋಗ್ತಿದ್ದೆ, ಅಷ್ಟೇ. ಹುಡುಗರು ಕರೆದರು, ಒಂದಿನ ಇಳಿದ. ಮರುವರ್ಷವೂ ಆಡುವ ಒಂಬತ್ತು ಜನರಲ್ಲಿ ಜಾಗ ಸಿಗಲಿಲ್ಲ, ಬದಲಿ ಆಟಗಾರನಾಗಿ ಹೋದ. ಹತ್ತನೇ ಕ್ಲಾಸಲ್ಲಿ ಆಡಿದ.

ದೈಹಿಕ ಶಿಕ್ಷಕ: ಮೇಡಂ, ಫೌಲ್ ಆಯ್ತು ಅಂದರೆ ಜಿಗಿಯೋಕೆ ಬರಲ್ಲ ಅಂತಲ್ಲ, ಓಟದ ಅಳತೆ ತಪ್ಪಿದೆ. ಈ ವಯಸ್ಸಿನ ಮಕ್ಕಳಲ್ಲಿ ಇದನ್ನು ಪ್ರತಿ ವರ್ಷ ನೋಡ್ತೀನಿ. ನೋಡನೋಡುತ್ತ ಎತ್ತರ ಆಗ್ತಾರೆ, ಹೆಜ್ಜೆ ದೊಡ್ಡದಾಗುತ್ತೆ, ಓಟ ಶುರು ಮಾಡುವ ಗುರುತು ಮಾತ್ರ ಹಳೇದೇ ಇರುತ್ತೆ. ಹೆಜ್ಜೆಗೆ ಎರಡು ಬೆರಳು ಹೆಚ್ಚಾದರೂ ಹಲಗೆ ಮುಟ್ಟುವಷ್ಟರಲ್ಲಿ ಅಡಿ ಮೇಲಾಗಿರುತ್ತೆ. ಸ್ಪರ್ಧೆ ದಿನದ ಹುಮ್ಮಸ್ಸಿಗೆ ಓಟವೂ ಜೋರಾಗುತ್ತೆ. ಅವಳು ಬೆಳೆದಿದ್ದಾಳೆ ಅನ್ನೋದನ್ನೇ ಮೊದಲು ಹೇಳಿ.

ಸದ್ಯಕ್ಕೆ ಮರಳಿನ ಗುಂಡಿ ಬೇಡವೇ ಬೇಡ. ಖಾಲಿ ನೆಲದಲ್ಲಿ ಸುಣ್ಣದ ಗೆರೆ ಎಳೆದು, ಅಲ್ಲಿಂದ ಎಂದಿನಷ್ಟೇ ಹೆಜ್ಜೆ ಎಣಿಸಿಕೊಂಡು ಪೂರ್ತಿ ವೇಗದಲ್ಲಿ ಓಡಲಿ. ಜಿಗಿಯುವ ಕಾಲು ಕೊನೆಗೆ ಬಿದ್ದ ಜಾಗಕ್ಕೆ ಪಕ್ಕದಲ್ಲಿ ನಿಂತವರು ಗುರುತು ಹಾಕಬೇಕು. ನಾಲ್ಕೈದು ಸಲ ಓಡಿದರೆ ಗುರುತುಗಳು ಹೆಚ್ಚುಕಮ್ಮಿ ಒಂದೇ ಕಡೆ ಬರುತ್ತವೆ. ಅಲ್ಲಿಂದ ಗೆರೆವರೆಗೆ ಟೇಪ್ ಹಿಡಿದು ಅಳೆದು ಅವಳೇ ನೋಟ್‌ಬುಕ್ಕಲ್ಲಿ ಬರೆದಿಡಲಿ. ಕೂಟದಲ್ಲಿ ಹಲಗೆಯಿಂದ ಅದೇ ಅಳತೆಗೆ ಓಟದ ಹಾದಿಯ ಪಕ್ಕ ಗುರುತು ಇಟ್ಟುಕೊಳ್ಳೋಕೆ ನಿಯಮದಲ್ಲೇ ಅವಕಾಶ ಇದೆ. ಮೊದಲ ಜಿಗಿತಕ್ಕೆ ಅದಕ್ಕಿಂತ ಒಂದು ಪಾದ ಹಿಂದಿನಿಂದ ಓಡಲಿ. ಅಳತೆ ಕಮ್ಮಿ ಬಂದರೂ ಲೆಕ್ಕಕ್ಕೊಂದು ಜಿಗಿತ ಸಿಕ್ಕಿತಲ್ಲ, ಉಳಿದ ಎರಡನ್ನು ಧೈರ್ಯವಾಗಿ ಜಿಗಿಯಬಹುದು. ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ, ಇನ್ನೂ ಬೆಳೀತಾಳೆ.

ಹಳೆಯ ಜಿಗಿತಗಾರ್ತಿ: ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ಇದರ ಜೊತೆಗೆ ಕೇರಳದ ಉದ್ದ ಜಿಗಿತಗಾರ ಮುರಳಿ ಶ್ರೀಶಂಕರ್ ವಿಡಿಯೊ ತೋರಿಸಿ. 2021ರ ಮಾರ್ಚ್‌ನಲ್ಲಿ 8.26 ಮೀಟರ್ ಜಿಗಿದಿದ್ದರು. ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 7.69ಕ್ಕೇ ನಿಂತು ಫೈನಲ್ ತಪ್ಪಿತು. 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ನಾಲ್ಕನೇ ಜಿಗಿತ ಫೌಲ್, ಐದನೆಯದು 8.08, ಬೆಳ್ಳಿ ಪದಕ. ಆ ಮಟ್ಟದವರಿಗೂ ಫೌಲ್ ಆಗುತ್ತೆ, ಮುಂದಿನ ಜಿಗಿತಕ್ಕೆ ಮತ್ತೆ ಓಡ್ತಾರೆ. ಉಪದೇಶ ಮಾಡಬೇಡಿ. ವಿಡಿಯೊ ಹಾಕಿ ಸುಮ್ಮನಿರಿ, ಹಲಗೆ ಮೇಲೆ ಕಾಲು ಎಲ್ಲಿ ಬಿತ್ತು ಅಂತ ಅವಳ ಕಣ್ಣಿಗೇ ಕಾಣುತ್ತೆ. ಟೇಪ್ ಹಿಡಿಯೋಕೆ ಜೊತೆಗೊಬ್ಬ ಗೆಳತಿಯನ್ನೂ ಕರೆಸಿ, ಒಬ್ಬಳೇ ಅಮ್ಮನ ಜೊತೆ ಮೈದಾನಕ್ಕೆ ಹೋಗೋಕೆ ಆ ವಯಸ್ಸಲ್ಲಿ ಸಂಕೋಚ ಇರುತ್ತೆ.