ಅರ್ಥಿಂಗ್, ಬಾಂಡಿಂಗ್, ಅರೆಸ್ಟರ್: ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಮನೆಯಲ್ಲಿ ಹವ್ಯಾಸಿ ರೇಡಿಯೊ ಕೇಂದ್ರ ನಡೆಸುವವರಿಗಾಗಿ ಸಿಡಿಲಿನಿಂದ ರಕ್ಷಣೆ ಪಡೆಯುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರು ಪದಗಳ ಬಳಿ ಬರವಣಿಗೆ ನಿಂತುಹೋಗಿರುವುದರಿಂದ ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

ಮೊದಲನೆಯದು ‘ಅರ್ಥಿಂಗ್’. ಇದಕ್ಕೆ ‘ಭೂಸಂಪರ್ಕ’ ಎಂಬ ಪದವಿದೆ; ಪದದಲ್ಲಿ ದೋಷವೇನೂ ಇಲ್ಲ. ಆದರೆ ಸಾಕೆಟ್ಟಿನ ಮೂರನೆಯ ಪಿನ್ನಿನ ಹಸಿರು ತಂತಿ, ರೇಡಿಯೊದ ಹಿಂಬದಿಯ ತಿರುಪಿಗೆ ಬಿಗಿದ ತಾಮ್ರದ ಪಟ್ಟಿ, ಆಂಟೆನಾ ಕಂಬದ ಬುಡದಿಂದ ನೆಲಕ್ಕಿಳಿಯುವ ದಪ್ಪ ತಂತಿ, ಈ ಮೂರನ್ನೂ ನಾವು ‘ಅರ್ಥ್’ ಎಂದೇ ಕರೆಯುತ್ತೇವೆ. (ಬೆರಳಚ್ಚಿನಲ್ಲಿ ಹಲಂತ ಬಿಟ್ಟುಹೋದರೆ ಅದು ‘ಅರ್ಥ’ವಾಗಿ ನಿಲ್ಲುತ್ತದೆ, ಅದು ಬೇರೆ ಪೇಚು.) ಮೊದಲನೆಯದು ವಿದ್ಯುದಾಘಾತದಿಂದ ಕಾಯಲು, ಎರಡನೆಯದು ರೇಡಿಯೊ ತರಂಗಗಳ ಸಲುವಾಗಿ, ಮೂರನೆಯದು ಸಿಡಿಲಿಗಾಗಿ. ಕರಡಿನಲ್ಲಿ ನಾನು ‘ಪ್ರತಿಯೊಂದಕ್ಕೂ ಭೂಸಂಪರ್ಕ ಕೊಡಬೇಕು’ ಎಂದು ಬರೆದಿದ್ದೆ. ಅದನ್ನು ಓದಿದ ಗೆಳೆಯರೊಬ್ಬರು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸರಳುಗಳನ್ನು ನೆಲಕ್ಕೆ ಹೊಡೆಯಬೇಕೆಂದು ತಿಳಿದರು. ಅಪಾಯವಿರುವುದು ಅಲ್ಲಿಯೇ. ಸಿಡಿಲಿನ ಹೊಡೆತದಲ್ಲಿ 30,000 ಆಂಪಿಯರ್ ಹರಿಯುವುದು ಅಪರೂಪವಲ್ಲ. ಸರಳಿನ ಬಳಿಯ ನೆಲದ ರೋಧ ಕೇವಲ 1 ಓಮ್ ಇದ್ದರೂ ಆ ಸರಳು ಕ್ಷಣಮಾತ್ರ 30,000 ವೋಲ್ಟಿಗೆ ಏರುತ್ತದೆ, ದೂರದ ಇನ್ನೊಂದು ಸರಳಿನ ವೋಲ್ಟೇಜು ಇದ್ದಲ್ಲಿಯೇ ಇರುತ್ತದೆ, ಆ ವಿಭವಾಂತರವೆಲ್ಲ (ಎರಡರ ವೋಲ್ಟೇಜಿನ ನಡುವಣ ವ್ಯತ್ಯಾಸ) ನಡುವೆ ಕುಳಿತ ರೇಡಿಯೊದ ಮೂಲಕವೇ ದಾರಿ ಹುಡುಕುತ್ತದೆ.

ಆದ್ದರಿಂದ ಸರಳುಗಳನ್ನೆಲ್ಲ ದಪ್ಪ ವಾಹಕದಿಂದ ಒಂದಕ್ಕೊಂದು ಜೋಡಿಸಬೇಕು. ಇದೇ ‘ಬಾಂಡಿಂಗ್’, ನನ್ನ ಎರಡನೆಯ ಪದ. ‘ಬಂಧನ’ ಎಂದರೆ ಪೊಲೀಸರು ನೆನಪಾಗುತ್ತಾರೆ, ‘ಬಂಧ’ವನ್ನು ರಸಾಯನಶಾಸ್ತ್ರ ತೆಗೆದುಕೊಂಡಿದೆ. ‘ಬೆಸುಗೆ’ ಕಿವಿಗೆ ಹಿತವಾಗಿದ್ದರೂ ಇಲ್ಲಿ ಸಲ್ಲದು, ಏಕೆಂದರೆ ಓದುಗರು ಸೀಸ-ತವರದ ಬೆಸುಗೆ ಹಾಕಿಯಾರು. ಸಿಡಿಲಿನ ವಿದ್ಯುತ್ತು ಹರಿದಾಗ ಅದು ಕರಗಿ ಕೀಲು ಬಿಟ್ಟುಕೊಳ್ಳಬಹುದಾದ್ದರಿಂದ ಅಲ್ಲಿ ಕ್ಲಾಂಪನ್ನೇ ಬಿಗಿಯಬೇಕು. ಸದ್ಯಕ್ಕೆ ‘ಸಮವಿಭವ ಜೋಡಣೆ’ ಎಂದು ಬರೆದಿದ್ದೇನೆ. ಅರ್ಥ ಸರಿಯಾಗಿದೆ, ಆದರೆ ಏಣಿಯ ಮೇಲೆ ನಿಂತವರು ಕೆಳಗಿರುವವರಿಗೆ ಕೂಗಿ ಹೇಳುವ ಮಾತಲ್ಲ.

ಮೂರನೆಯದು ‘ಅರೆಸ್ಟರ್’, ಸಿಡಿಲಿನ ಹೊಡೆತದಿಂದ ಉಪಕರಣವನ್ನು ಕಾಯುವ ಸಾಧನ. ‘ಸಿಡಿಲು ನಿರೋಧಕ’ ಎಂಬುದು ದಾರಿ ತಪ್ಪಿಸುತ್ತದೆ, ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯೂ ನಿರೋಧಕವೇ ತಾನೆ? ಆಂಟೆನಾ ಕೇಬಲ್ಲಿಗೆ ಹಾಕುವ ಅರೆಸ್ಟರಿನೊಳಗಿನ ಅನಿಲ ತುಂಬಿದ ಪುಟ್ಟ ಕೊಳವೆ ಮಾಡುವುದು ತದ್ವಿರುದ್ಧ ಕೆಲಸ: ಸಾಮಾನ್ಯ ಹೊತ್ತಿನಲ್ಲಿ ಸುಮ್ಮನಿದ್ದು, ವೋಲ್ಟೇಜು ಮಿತಿ ಮೀರಿದೊಡನೆ ತಾನೇ ವಾಹಕವಾಗಿ ವಿದ್ಯುತ್ತನ್ನು ನೆಲಕ್ಕೆ ಇಳಿಸುತ್ತದೆ. ನೆಲಕ್ಕೆ ಜೋಡಿಸದ ಅರೆಸ್ಟರ್ ನಿರುಪಯುಕ್ತ ಎಂಬುದನ್ನು ಹೆಸರೇ ಹೇಳುವಂತಿದ್ದರೆ ಒಳಿತು. ‘ತಡೆ’ಯ ಬದಲು ‘ಇಳಿ’ ಧಾತುವಿನಿಂದ ಪದ ಕಟ್ಟಬಹುದೆ? ಕಂಬದಿಂದ ಇಳಿಯುವ ವಾಹಕಕ್ಕೆ ‘ಇಳಿತಂತಿ’ ಎಂದು ಈಗಾಗಲೇ ಬರೆದಿದ್ದೇನೆ, ಅದರ ಜೊತೆಗೆ ಹೊಂದುವ ಪದ ದೊರೆತರೆ ಉಪಕಾರವಾಗುತ್ತದೆ.