ಬೇರೆ ನಾಯಿ ಕಂಡರೆ ಎಗರಾಡುವ ಎಳೆಯ ನಾಯಿ: ಬಲ್ಲವರು ದಯವಿಟ್ಟು ತಿಳಿಸಿ

ಪ್ರಶ್ನೆ (ಬಳ್ಳಾರಿ, ಸತ್ಯನಾರಾಯಣಪೇಟೆ): ನಮ್ಮಲ್ಲಿ 10 ತಿಂಗಳ ಗಂಡು ಮುಧೋಳ ನಾಯಿಯಿದೆ. ಮನೆಯೊಳಗೆ ಬಹಳ ಸಾಧು. ಆದರೆ ಬೀದಿಯಲ್ಲಿ ಇನ್ನೊಂದು ನಾಯಿ ಕಂಡೊಡನೆ ಹಿಂಗಾಲ ಮೇಲೆ ನಿಂತು, ಕೀರಲು ದನಿಯಲ್ಲಿ ಅರಚುತ್ತಾ ಹಗ್ಗವನ್ನು ಜಗ್ಗುತ್ತದೆ. ಕಚ್ಚುವ ಉದ್ದೇಶವಿಲ್ಲ, ಆಟಕ್ಕೆ ಹೋಗುವ ಆತುರವಷ್ಟೆ. ಕಳೆದ ವಾರ ನನ್ನ ಅಂಗೈ ತರಚಿತು. ಇದನ್ನು ಶಾಂತಗೊಳಿಸುವ ಬಗೆ ಹೇಗೆ?

ಉತ್ತರ (ಕೊಪ್ಪಳ): ಅಕ್ಕಾ, ನಾನು ಮೊದಲ ಎರಡು ತಿಂಗಳು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ನಮ್ಮ ನಾಯಿ ಬೊಗಳಿದಾಗಲೆಲ್ಲ ನಾನು ಗದರಿ ಸರಪಳಿಯನ್ನು ಜಗ್ಗುತ್ತಿದ್ದೆ. ಎದುರಿಗೆ ನಾಯಿ ಬಂದರೆ ತನ್ನ ಕುತ್ತಿಗೆಗೆ ನೋವಾಗುತ್ತದೆ ಎಂಬುದನ್ನು ಮಾತ್ರ ಅದು ಕಲಿತು, ಆಟದ ಆತುರವಾಗಿದ್ದದ್ದು ಕ್ರಮೇಣ ಸಿಟ್ಟಾಗಿ ತಿರುಗಿತು. ಆಮೇಲೆ ಪಶುವೈದ್ಯರ ಸಲಹೆಯಂತೆ ಊರ ಹೊರಗಿನ ಬಯಲಿಗೆ ಕರೆದೊಯ್ದು, ಬೇರೆ ನಾಯಿಗಳು ಕಾಣುವಷ್ಟು, ಆದರೆ ನಾನು ಹೆಸರು ಹಿಡಿದು ಕರೆದರೆ ನಮ್ಮ ನಾಯಿ ತಿರುಗಿ ನೋಡುವಷ್ಟು ದೂರದಲ್ಲಿ ನಿಲ್ಲತೊಡಗಿದೆ. ಅದು ಆ ನಾಯಿಯನ್ನು ನೋಡಿದ ಕ್ಷಣದಲ್ಲಿ, ಬೊಗಳುವುದಕ್ಕೂ ಮೊದಲು, ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯ ಕಡಲೆಕಾಳಿನಷ್ಟು ಚೂರನ್ನು ಬಾಯಿಗಿಡಬೇಕು. ಆ ನಾಯಿ ಮರೆಯಾದೊಡನೆ ತಿನಿಸೂ ನಿಲ್ಲಬೇಕು. ಈ ಕ್ರಮ ತಲೆಕೆಳಗಾಗಬಾರದು. ತಿನಿಸು ತೋರಿಸಿದ ಮೇಲೆ ನಾಯಿ ಬಂದರೆ, ತಿನಿಸೇ ಅಪಾಯದ ಸೂಚನೆ ಎಂದು ಅದು ತಿಳಿಯಬಹುದು.

ಕೋಳಿಯನ್ನೂ ಮೂಸದಿದ್ದರೆ ನೀವು ತೀರಾ ಹತ್ತಿರ ನಿಂತಿದ್ದೀರಿ ಎಂದರ್ಥ. ಹಠ ಹಿಡಿಯದೆ ಹಿಂದೆ ಸರಿಯಿರಿ. ನಮಗೆ ಸುಮಾರು 40 ಹೆಜ್ಜೆಯ ಅಂತರವನ್ನು 10ಕ್ಕೆ ಇಳಿಸಲು ಮೂರು ತಿಂಗಳು ಹಿಡಿಯಿತು. ನಡುವೆ ಗವಿಮಠದ ಜಾತ್ರೆಯ ಗದ್ದಲದಲ್ಲಿ ಒಂದು ವಾರದ ಕೆಲಸ ನೀರುಪಾಲಾಯಿತು. ಆ ದಿನಗಳಲ್ಲಿ ಹೊರಗೆ ಕರೆದೊಯ್ಯಲೇಬಾರದಿತ್ತು.

ಉತ್ತರ (ರಾಯಚೂರು): ಮೇಲಿನವರ ಮಾತು ಸರಿ, ಆದರೆ ದೂರ ನಿಲ್ಲುವುದೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ. ನೆರೆಮನೆಯ ಎಂಟು ವರ್ಷದ, ಯಾವುದಕ್ಕೂ ತಲೆಕೆಡಿಸಿಕೊಳ್ಳದ ಹೆಣ್ಣು ನಾಯಿಯೊಂದಿಗೆ ರಸ್ತೆಯ ಈ ಬದಿ ನಮ್ಮದು, ಆ ಬದಿ ಅವರದು ಎಂದು ಒಂದೇ ದಿಕ್ಕಿಗೆ ನಡೆಸಿದೆವು. ಎರಡೂ ನಾಯಿಗಳು ಮುಖಾಮುಖಿಯಾಗಲು ಬಿಡಲಿಲ್ಲ. ನೆಲ ಮೂಸಲು ಧಾರಾಳವಾಗಿ ಬಿಡಿ; ಮೂಸುತ್ತಾ ನಡೆಯುವ ನಾಯಿಯ ಮನಸ್ಸು ತಾನಾಗಿ ತಣ್ಣಗಾಗುತ್ತದೆ. ಚೆಂಡೆಸೆದು ದಣಿಸಿ ನಂತರ ಹೊರಡುವ ಉಪಾಯ ನಮ್ಮಲ್ಲಿ ಉಲ್ಟಾ ಹೊಡೆಯಿತು, ಉದ್ವೇಗ ಇನ್ನೂ ಹೆಚ್ಚಿತು. ನಮ್ಮ ಕಡೆಯ ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಹೊರಡಿ. ಡಾಂಬರಿನ ಮೇಲೆ ನಿಮ್ಮ ಅಂಗೈ ಐದು ಸೆಕೆಂಡು ತಡೆಯದಿದ್ದರೆ ಅದರ ಪಾದವೂ ತಡೆಯದು.

ಉತ್ತರ (ಬಳ್ಳಾರಿ, ಕೌಲ್‌ಬಜಾರ್): ಮುಧೋಳದ ತಲೆ ಕುತ್ತಿಗೆಗಿಂತ ಅಷ್ಟೇನೂ ಅಗಲವಿರದ ಕಾರಣ, ಹಿಮ್ಮುಖವಾಗಿ ಜಗ್ಗಿದರೆ ಸಾಮಾನ್ಯ ಬೆಲ್ಟ್ ಕಳಚಿಹೋಗುತ್ತದೆ; ಎದೆಯ ಸುತ್ತ ಬರುವ ಪಟ್ಟಿ (ಹಾರ್ನೆಸ್) ಹಾಕಿ. ಓಡುವುದನ್ನು ಕಂಡರೆ ಬೆನ್ನಟ್ಟುವ ಬೇಟೆಯ ತಳಿಯಾದ್ದರಿಂದ ಹಗ್ಗ ಬಿಚ್ಚುವ ಯೋಚನೆ ಸದ್ಯಕ್ಕೆ ಬೇಡ. ನಮ್ಮ ಗಲ್ಲಿಗಳ ಬೀದಿನಾಯಿಗಳ ಗುಂಪಿನೊಂದಿಗೆ ಪಾಠ ಕಲಿಸಲು ಹೋಗಬೇಡಿ. ಗುಂಪು ಎದುರಾದರೆ ಓಡದೆ, ಒಂದು ಹಿಡಿ ತಿನಿಸನ್ನು ಅವುಗಳ ಕಡೆಗೆ ಚೆಲ್ಲಿ, ನಿಧಾನವಾಗಿ ಹಿಂದಿರುಗಿ. ರೇಬಿಸ್ ಲಸಿಕೆ ಹಾಕಿಸಿರಲೇಬೇಕು. ನಿಮಗೇ ಕಚ್ಚಿದರೆ ಗಾಯವನ್ನು ಸೋಪು ಹಾಗೂ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಚೀಲದಲ್ಲಿ ಒಗ್ಗರಣೆ ಮಂಡಕ್ಕಿ ಇಟ್ಟುಕೊಂಡು ಹೋಗುವವರನ್ನು ಕಂಡಿದ್ದೇನೆ. ಅದರಲ್ಲಿನ ಈರುಳ್ಳಿ ನಾಯಿಗೆ ವಿಷ.

ಪ್ರಶ್ನೆ ಕೇಳಿದವರು, ಐದು ವಾರಗಳ ನಂತರ: ಎಲ್ಲರಿಗೂ ವಂದನೆಗಳು. ಬೆಳಗಿನ ಹೊತ್ತು ಮೈದಾನದ ಅಂಚಿನಲ್ಲಿ ಈಗ 25 ಹೆಜ್ಜೆಯವರೆಗೆ ಬಂದಿದ್ದೇವೆ. ನಿನ್ನೆ ಒಂದು ನಾಯಿಯನ್ನು ಕಂಡು ಕಿವಿ ನಿಮಿರಿಸಿದ ನಮ್ಮದು, ಬೊಗಳದೆ ನನ್ನ ಜೇಬಿನತ್ತ ತಿರುಗಿತು. ಸಂಜೆಯ ಬೀದಿಗೆ ಮಾತ್ರ ಇನ್ನೂ ಧೈರ್ಯ ಸಾಲದು.