ಶಾಂಗ್ ಕಾಲದ ಕಂಚಿನ ಪಾತ್ರೆ: ಚಿತ್ತಾರ ಕೆತ್ತಿದ್ದಾ, ಎರಕದಲ್ಲೇ ಬಂದಿದ್ದಾ?

ತಾಮ್ರಪಟ: ಪ್ರಾಚೀನ ಚೀನಾದ ಶಾಂಗ್ ರಾಜವಂಶದ ರಾಜಧಾನಿಯಾಗಿದ್ದ ಆನ್ಯಾಂಗ್‌ನ ಚೌಕ 'ಡಿಂಗ್' (ಕಾಲಿರುವ ಪೂಜಾ ಪಾತ್ರೆ) ಪಾತ್ರೆಗಳ ಫೋಟೊ ನೋಡುತ್ತಿದ್ದೆ. ಗೆರೆಗಳು ಚಾಕುವಿನಲ್ಲಿ ಕೊರೆದಷ್ಟು ಚೂಪು. ನಮ್ಮ ಪಂಚಲೋಹದ ವಿಗ್ರಹಗಳ ಹಾಗೆ ಮೇಣದ ಎರಕವೇ, ಇಲ್ಲ ಆಮೇಲೆ ಉಳಿಯಿಂದ ಕೆತ್ತಿದ್ದಾ? ಮೂಲೆಗಳಲ್ಲಿ ಎದ್ದು ನಿಂತ ಏಣುಗಳು ಯಾಕೆ?

ಮೂಸೆ: ಎರಡೂ ಅಲ್ಲ, ತುಂಡು ಅಚ್ಚಿನ ಎರಕ. ಮೊದಲು ಮಣ್ಣಿನ ಮಾದರಿ. ಅದರ ಮೇಲೆ ಹಸಿಮಣ್ಣು ಒತ್ತಿ, ಅರೆ ಒಣಗಿದಾಗ ತುಂಡು ತುಂಡಾಗಿ ಬಿಡಿಸಿ ಸುಡುತ್ತಾರೆ. ಆಮೇಲೆ ಮಾದರಿಯನ್ನೇ ಪಾತ್ರೆಯ ದಪ್ಪದಷ್ಟು ಹೆರೆದರೆ ಅದೇ ಒಳ ಅಚ್ಚು (ಬೇರೆಯಾಗಿ ಮಾಡುವುದೂ ಉಂಟು). ತುಂಡುಗಳನ್ನು ಅದರ ಸುತ್ತ ಜೋಡಿಸಿ, ಪಾತ್ರೆ ತಲೆಕೆಳಗಾಗಿರುವಂತೆ ನಿಲ್ಲಿಸಿ ಕಂಚು ಸುರಿಯುತ್ತಾರೆ.

ಚೂಪಿಗೆ ಕಾರಣ ಮಣ್ಣು. ಹಳದಿ ನದಿ ಸೀಮೆಯ ಲೋಯೆಸ್ ಮಣ್ಣಿನಲ್ಲಿ ನವಿರಾದ ಮರಳಿನಂಥ ಕಣಗಳೇ ಹೆಚ್ಚು, ಜೇಡಿ ಕಡಿಮೆ. ಹಾಗಾಗಿ ಒಣಗುವಾಗ ಕುಗ್ಗುವುದು, ಬಿರಿಯುವುದು ಕಡಿಮೆ. ಅಚ್ಚಿನ ಒಳಮುಖ ಕೈಗೆ ಎಟಕುವುದರಿಂದ ಸುಡುವ ಮೊದಲು ಅಲ್ಲೇ ಗೆರೆ ತಿದ್ದಬಹುದು. ಮೇಣದ ಎರಕದಲ್ಲಿ ಈ ಅವಕಾಶವೇ ಇಲ್ಲ. ಲೋಹಕ್ಕೆ ಸೀಸ ಸೇರಿದರೆ ಸಣ್ಣ ಸಂದಿಗೂ ಸಲೀಸಾಗಿ ಹರಿಯುತ್ತದೆ. 1939ರಲ್ಲಿ ಸಿಕ್ಕ 832.84 ಕೆ.ಜಿ.ಯ ಹೌಮುವು ಡಿಂಗ್‌ನಲ್ಲಿ ತಾಮ್ರ 84.77%, ತವರ 11.64%, ಸೀಸ 2.79%.

ಏಣು ಇರುವುದು ಅಚ್ಚಿನ ತುಂಡುಗಳು ಸೇರುವ ಕಡೆ. ಅಲ್ಲಿ ಲೋಹ ಸೋರಿ ತೆಳ್ಳಗೆ ರೆಕ್ಕೆಯಂತೆ ಹೊರಬರುತ್ತದೆ. ಅದನ್ನು ಉಜ್ಜಲು ಹೋದರೆ ಅಕ್ಕಪಕ್ಕದ ಚಿತ್ತಾರ ಹಾಳು. ಅದೇ ಜಾಗವನ್ನು ಅಲಂಕಾರ ಮಾಡಿಬಿಟ್ಟರು. ಜಾಣತನ ಅಂದರೆ ಇದು.

ಹಳೆಪಾತ್ರೆ: ಮೂಸೆಯವರು ಬಿಟ್ಟ ಒಂದು ಮಾತು: ಒಳ ಅಚ್ಚು ಜರುಗಿದರೆ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ತೂತು. ಅದಕ್ಕೇ ಎರಡು ಅಚ್ಚುಗಳ ನಡುವೆ ಚಿಕ್ಕ ಕಂಚಿನ ಚೂರುಗಳನ್ನು ಇಡುತ್ತಿದ್ದರು, ಹೆಚ್ಚಾಗಿ ಚಿತ್ತಾರವಿಲ್ಲದ ತಳದಲ್ಲಿ. ಕಾಲಿನ ಒಳಗೂ ಲೋಹವೇ ತುಂಬಿದ್ದರೆ ಅದು ತೆಳು ಗೋಡೆಗಿಂತ ನಿಧಾನ ತಣಿದು, ಸೇರುವ ಜಾಗದಲ್ಲಿ ಬಿರುಕು ಬೀಳುತ್ತದೆ. ಎಷ್ಟೋ ಡಿಂಗ್‌ಗಳ ಕಾಲೊಳಗೆ ಮಣ್ಣಿನ ತಿರುಳು ಇರುವುದು ಅದಕ್ಕೆ.

ಚಿತ್ತಾರ ಓದುವಾಗ ನಡುವಿನ ಏಣನ್ನು ಮೂಗು ಅಂದುಕೊಳ್ಳಿ. ಎರಡೂ ಬದಿ ಕಣ್ಣು, ಕೊಂಬು. ಕೆಳದವಡೆ ಸಾಮಾನ್ಯವಾಗಿ ಇರುವುದಿಲ್ಲ. ಅದೇ 'ತಾವೊಟಿಯೆ' ಮುಖ. ಅರ್ಧ ಮುಚ್ಚಿ ನೋಡಿ, ಎಷ್ಟೋ ಸಲ ಪಕ್ಕಕ್ಕೆ ತಿರುಗಿದ ಒಂದೇ ಪ್ರಾಣಿ ಕಾಣುತ್ತದೆ. ಹಿನ್ನೆಲೆಯ ಚೌಕ ಸುರುಳಿಗಳು 'ಲೇಯ್‌ವೆನ್'. ತೋಡುಗಳಲ್ಲಿ ಕಪ್ಪು ಕಂಡರೆ ಕೊಳೆ ಎಂದು ಕೆರೆಯಬೇಡಿ, ಕೆಲವು ಪಾತ್ರೆಗಳಿಗೆ ಬೇಕೆಂದೇ ಕಪ್ಪು ತುಂಬಿದ್ದಾರೆ. ಈ ಮುಖದ ಅರ್ಥ ಏನು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ, ಶಾಂಗ್ ಜನ ಬರೆದಿಟ್ಟ ವಿವರಣೆ ಒಂದೂ ಸಿಕ್ಕಿಲ್ಲ.

ತಾಮ್ರಪಟ: ಹಾಗಾದರೆ ಚೀನಾದಲ್ಲಿ ಮೇಣದ ಎರಕ ಇರಲೇ ಇಲ್ಲವೇ? ನಕಲಿಯನ್ನು ಸೇರಿಕೆ ಗುರುತು ನೋಡಿ ಹಿಡಿಯಬಹುದೇ?

ಮೂಸೆ: ಮೇಣ ಬಂದದ್ದು ತಡವಾಗಿ. ಸುಯ್‌ಜೌನಲ್ಲಿ 1978ರಲ್ಲಿ ಅಗೆದ ಝೆಂಗ್ ದೊರೆ ಯಿಯ ಸಮಾಧಿಯ (ಕ್ರಿ.ಪೂ. 433ರ ಸುಮಾರು) ಜಾಲರಿ ಕೆಲಸದ ಝುನ್-ಪಾನ್ (ಮದ್ಯದ ಪಾತ್ರೆ ಮತ್ತು ಅದನ್ನಿಡುವ ಬೋಗುಣಿ) ಜೋಡಿ ಮೇಣದ ಎರಕವೆಂದು ಬಹಳ ಜನ ಹೇಳುತ್ತಾರೆ, ಒಪ್ಪದವರೂ ಇದ್ದಾರೆ. ಸೇರಿಕೆ ಗುರುತನ್ನು ನಕಲಿಯಲ್ಲೂ ಮಾಡಬಹುದು, ಅದೊಂದನ್ನೇ ನಂಬಬೇಡಿ. ಎಕ್ಸ್‌ರೇ ತೆಗೆಸಿದರೆ ಹಳೆಪಾತ್ರೆ ಹೇಳಿದ ಕಂಚಿನ ಚೂರುಗಳು ಬೇರೆಯಾಗಿ ಕಾಣುತ್ತವೆ, ಅವು ಎಲ್ಲಿ ಕೂತಿವೆ ನೋಡಿ.